ಚಳಿಗಾಲದಲ್ಲಿ ಕುಟುಂಬಸಮೇತ ಹೊಲ-ಕೆರೆಗಳ ದರ್ಶನ

ಉತ್ತರ ಕರ್ನಾಟಕದ ಎರೆಭೂಮಿಯ ಸೀಮೆಗಳಲ್ಲಿ ಮಾರ್ಗಶಿರ ಮಾಸದ ಅಮಾವಾಸ್ಯೆಯನ್ನು ಎಳ್ಳಮಾವಾಸ್ಯೆಯೆಂದು ಕರೆಯುವರು. ಅಂದು ನಸುಕಿನಲ್ಲಿಯೇ ಅಡಿಗೆ ಮುಗಿಸಿ, ಹೊತ್ತೇರುವ ವೇಳೆಗೆ ಮನೆಗೆ ಬೀಗ ಹಾಕಿ, ಹೆಂಗಸರು ಮಕ್ಕಳು ಮುದುಕರೆನ್ನದೆ ಇಡೀ ಕುಟುಂಬವು ಬುತ್ತಿಯ ಗಂಟಿನೊಡನೆ ಹೊಲಕ್ಕೆ ಹೋಗುವುದು ವಾಡಿಕೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ನೈವೇದ್ಯ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಬಳಿಕ ಬಂಧುಬಳಗದವರೆಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತು ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಪಲ್ಯಗಳನ್ನು ಊಟ ಮಾಡುವರು. ಹೊಲವಿಲ್ಲದವರನ್ನೂ ಹೊಲವುಳ್ಳವರು ಕರೆದೊಯ್ಯುವುದುಂಟು. ಕುಟುಂಬಸಮೇತವಾಗಿ ಬಯಲಿನಲ್ಲಿ ಒಂದು ದಿವಸವನ್ನು ಕಳೆಯುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ಈಚಿನ ವರ್ಷಗಳಲ್ಲಿ ಈ ಪದ್ಧತಿಯ ಹೊರಗಿನ ರೂಪ ಉಳಿದು ಒಳಗಿನ ಸಾರವು ಕಡಿಮೆಯಾಗುತ್ತಿರುವಂತೆ ಕಾಣುವುದು. ವಾಹನದಲ್ಲಿ ಹೋಗಿ, ಪೂಜೆ ಊಟಗಳನ್ನು ಮುಗಿಸಿ, ಅದೇ ವಾಹನದಲ್ಲಿ ಮರಳುವವರು ಬಹುಮಂದಿ. ಪಟ್ಟಣದಲ್ಲಿ ಓದುತ್ತಿರುವ ಮಗನಿಗೆ ತನ್ನ ಹೊಲದ ನಾಲ್ಕು ಎಲ್ಲೆಗಳು ತಿಳಿಯವು. ಕಡಲೆಯ ಗಿಡದ ಮೇಲೆ ಕುಳಿತಿರುವ ಹುಳು ಯಾವುದೆಂದಾಗಲಿ, ಅದನ್ನು ಹೆಕ್ಕುತ್ತಿರುವ ಹಕ್ಕಿ ಯಾವುದೆಂದಾಗಲಿ ತಿಳಿಯದು. ಊರ ಮುಂದಣ ಕೆರೆಗೆ ನೀರು ಯಾವ ಹಳ್ಳದಿಂದ ಬರುವುದೆಂಬುದೂ ತಿಳಿಯದು. ನಾಳೆ ಈ ಜಮೀನಿಗೆ ಒಡೆಯನಾಗತಕ್ಕವನು ಅವನೇ. ಕಣ್ಣಾರೆ ಕಾಣದ ವಸ್ತುವನ್ನು ಕಾಪಾಡುವವರು ಯಾರೂ ಇಲ್ಲ. ಆದಕಾರಣ ಎಳ್ಳಮಾವಾಸ್ಯೆ, ಸಂಕ್ರಾಂತಿ ಮುಂತಾದ ಚಳಿಗಾಲದ ಹಬ್ಬಗಳ ಜತೆಗೆ, ಹೊಲವನ್ನೂ ಕೆರೆಯನ್ನೂ ಮಕ್ಕಳೊಡನೆ ಒಂದೆರಡು ಗಂಟೆಗಳ ಕಾಲ ನಿಧಾನವಾಗಿ ನೋಡುವ ಕ್ರಮವನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ರೂಢಿಗೆ ತರುವುದು ಅತ್ಯಾವಶ್ಯಕವಾಗಿರುವುದು.

ಚಳಿಗಾಲವೇ ಏಕೆ?—ವರ್ಷದ ಇತರ ಕಾಲಗಳಲ್ಲಿಯೂ ಹೊಲವನ್ನು ನೋಡಬಹುದಾದರೂ, ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳುಗಳು ಈ ಕಾರ್ಯಕ್ಕೆ ವಿಶೇಷವಾಗಿ ಅನುಕೂಲವಾದುವು. ಮುಂಗಾರು ಹಿಂಗಾರು ಮಳೆಗಳು ಮುಗಿದು ಕೆರೆಗಳಲ್ಲಿ ನೀರು ನಿಂತಿರುವುದು. ದಾರಿಗಳಲ್ಲಿ ಕೆಸರು ಇರುವುದಿಲ್ಲ. ಬಿಸಿಲು ಮಕ್ಕಳಿಗೂ ವೃದ್ಧರಿಗೂ ಸಹಿಸುವಷ್ಟಿರುವುದು. ಮೈಸೂರು ಸೀಮೆಯಲ್ಲಿ ರಾಗಿಯ ಕೊಯಿಲು ಮುಗಿದು ಕಣದ ಕೆಲಸ ನಡೆಯುತ್ತಿರುವುದು, ಅವರೆಯ ಹೂವು ಕಾಯಿಗಳು ಒಟ್ಟಿಗೆ ಕಾಣುವುವು. ಎರೆಯ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ, ಗೋಧಿಗಳು ಹೊಲದಲ್ಲಿಯೇ ನಿಂತಿರುವುವು. ಇದಲ್ಲದೆ ಮಧ್ಯ ಏಷ್ಯಾ, ಮಂಗೋಲಿಯ, ಟಿಬೆಟ್ಟು ಮೊದಲಾದ ದೂರದ ದೇಶಗಳಲ್ಲಿ ಹಿಮ ಬಿದ್ದು ಆಹಾರ ದೊರೆಯದಂತಾಗುವ ಈ ಕಾಲದಲ್ಲಿ ಅಲ್ಲಿಯ ಹಕ್ಕಿಗಳು ನಮ್ಮ ಕೆರೆಗಳನ್ನೂ ಹೊಲಗಳನ್ನೂ ಆಶ್ರಯಿಸಿ ಬರುವುವು. ಬೇಸಿಗೆಯಲ್ಲಿ ಎಷ್ಟು ಹಣ ಕೊಟ್ಟರೂ ಕಾಣಸಿಗದ ಈ ನೋಟವು ಚಳಿಗಾಲದಲ್ಲಿ ಯಾವ ವೆಚ್ಚವೂ ಇಲ್ಲದೆ ಗ್ರಾಮಸ್ಥರಿಗೆ ದೊರೆಯುವುದು.

ಮಾಗಡಿ ಕೆರೆಯ ನಿದರ್ಶನ.—ಇದಕ್ಕೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಗ್ರಾಮದ ಕೆರೆಯು ಉತ್ತಮವಾದ ನಿದರ್ಶನ. (ಬೆಂಗಳೂರಿಗೆ ಸಮೀಪದಲ್ಲಿರುವ ಕೆಂಪೇಗೌಡರ ಮಾಗಡಿಯು ಬೇರೆ, ಇದು ಗದಗ ಪಟ್ಟಣದಿಂದ ಸುಮಾರು 26 ಕಿಲೋಮೀಟರು ದೂರದಲ್ಲಿರುವ ಗ್ರಾಮ.) ಸುಮಾರು 50 ಹೆಕ್ಟೇರು ವಿಸ್ತಾರದ ಈ ಕೆರೆಯು ಪ್ರಕೃತಿಸಿದ್ಧವಾದುದಲ್ಲ, ಮಳೆಯ ನೀರನ್ನು ಹಿಡಿದು ಬೇಸಾಯಕ್ಕೆ ಒದಗಿಸುವ ಉದ್ದೇಶದಿಂದ ಮನುಷ್ಯರೇ ಕಟ್ಟಿದ್ದು. ಹೀಗೆ ವ್ಯವಸಾಯಕ್ಕಾಗಿ ಕಟ್ಟಿದ ಸಾಮಾನ್ಯ ಕೆರೆಯೊಂದು ಇಂದು ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಒಂದಾಗಿರುವುದು. ಪ್ರತಿ ಚಳಿಗಾಲದಲ್ಲಿಯೂ ಸುಮಾರು 8,000 ಹಕ್ಕಿಗಳು ಇಲ್ಲಿಗೆ ಬರುವುವೆಂದು ಗಣನೆ. 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. 2015ರಲ್ಲಿ ಈ ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. 1971ರಲ್ಲಿ ಇರಾನಿನ ರಾಮ್‌ಸರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸಿದ್ಧಪಡಿಸುವ ಪ್ರಮುಖ ಜಲಭೂಮಿಗಳ ಪಟ್ಟಿಗೆ 2024ರಲ್ಲಿ ಇದು ಸೇರಿತು. ಕರ್ನಾಟಕದಲ್ಲಿ ಈ ಪಟ್ಟಿಗೆ ಮೊದಲು ಸೇರಿದುದು 2022ರಲ್ಲಿ ರಂಗನತಿಟ್ಟು; ಮಾಗಡಿಯೊಡನೆ ಸೇರಿದುವು ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆ ಮತ್ತು ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯ ಅಳಿವೆ. ಈ ನಾಲ್ಕರಲ್ಲಿ ಎರಡು, ರೈತರಿಗಾಗಿ ಕಟ್ಟಿದ ಹಳ್ಳಿಯ ಕೆರೆಗಳೇ ಎಂಬುದನ್ನು ಮುಖಂಡರು ಗಮನಿಸಬೇಕು.

ಪಟ್ಟೆತಲೆ ಹೆಬ್ಬಾತನ್ನು ಗುರುತಿಸುವುದು ಸುಲಭ. ಮೈ ಬೂದು ಬಣ್ಣ, ತಲೆ ಬಿಳಿ, ಆ ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು. ಕೊಕ್ಕು ಕಾಲುಗಳು ಹಳದಿ ಬಣ್ಣ. ತೂಕ ಎರಡರಿಂದ ಮೂರು ಕಿಲೋಗ್ರಾಮು. ಇವು ಬೇಸಿಗೆಯಲ್ಲಿ ಮಂಗೋಲಿಯ, ಟಿಬೆಟ್ಟು ಮೊದಲಾದ ಎತ್ತರದ ಪ್ರದೇಶಗಳ ಸರೋವರಗಳ ಬಳಿ ಮೊಟ್ಟೆಯಿಟ್ಟು ಮರಿಮಾಡಿ, ಶರತ್ಕಾಲದಲ್ಲಿ ಹಿಮಾಲಯ ಪರ್ವತವನ್ನು ದಾಟಿ ದಕ್ಷಿಣಕ್ಕೆ ಬರುವುವು. ಮೈಗೆ ಸಣ್ಣ ಯಂತ್ರವನ್ನು ಕಟ್ಟಿ ಇವುಗಳ ಪ್ರಯಾಣವನ್ನು ಅನುಸರಿಸಿದ ಶಾಸ್ತ್ರಜ್ಞರು, ಒಂದು ಹಕ್ಕಿಯು 7,290 ಮೀಟರಿನಷ್ಟು ಎತ್ತರದಲ್ಲಿ ಹಾರಿದುದನ್ನು 2013ರಲ್ಲಿ ಪ್ರಕಟಿಸಿದರು. ಅಷ್ಟು ಎತ್ತರದಲ್ಲಿ ವಾಯುವು ಬಹು ತೆಳುವಾಗಿದ್ದು, ಅಭ್ಯಾಸವಿಲ್ಲದ ಮನುಷ್ಯನಿಗೆ ಕೆಲವು ಹೆಜ್ಜೆ ನಡೆಯುವುದೂ ಪ್ರಯಾಸ. ಈ ಹಕ್ಕಿಯ ರಕ್ತವು ಆಮ್ಲಜನಕವನ್ನು ಇತರ ಬಾತುಗಳ ರಕ್ತಕ್ಕಿಂತ ಹೆಚ್ಚು ಬಲವಾಗಿ ಹಿಡಿದುಕೊಳ್ಳುವ ಗುಣವುಳ್ಳದ್ದಾದುದರಿಂದ ಈ ಪ್ರಯಾಣ ಸಾಧ್ಯವಾಗುವುದು. ಮಂಗೋಲಿಯದಲ್ಲಿ ಕುತ್ತಿಗೆಗೆ ಸಂಖ್ಯೆಯ ಪಟ್ಟಿಯನ್ನು ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದುರ್ಬೀನಿನಿಂದ ಆ ಸಂಖ್ಯೆಯನ್ನು ಓದಿದ ಹುಡುಗನಿಗೆ ಭೂಗೋಳದ ಪಾಠವು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಇವುಗಳ ದಿನಚರಿಯು ರೈತರು ತಿಳಿಯತಕ್ಕುದು. ಹಗಲಿನ ಬಹುಭಾಗವನ್ನು ಕೆರೆಯ ನೀರಿನ ಮೇಲೂ ದಂಡೆಯಲ್ಲಿಯೂ ವಿಶ್ರಾಂತಿಯಲ್ಲಿ ಕಳೆದು, ಸಂಜೆ ಗುಂಪುಗುಂಪಾಗಿ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವುವು. ಬೆಳಿಗ್ಗೆ ತಿರುಗಿ ಕೆರೆಗೆ ಬರುವುವು. ಆದುದರಿಂದ ನೋಡಲು ಹೋಗುವವರು ಬೆಳಿಗ್ಗೆ ಸೂರ್ಯೋದಯದ ಸಮಯಕ್ಕಾಗಲಿ ಸಂಜೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿತವಾಗಿಯಾಗಲಿ ಏರಿಯನ್ನು ಸೇರಿರಬೇಕು. ಹೆಬ್ಬಾತುಗಳಲ್ಲಿ ಮರಿಗಳು ತಮ್ಮ ಮೊದಲನೆಯ ಚಳಿಗಾಲವನ್ನು ತಾಯಿತಂದೆಗಳ ಜತೆಯಲ್ಲಿಯೇ ಕಳೆಯುವುವು. ಆ ವರ್ಷ ಹುಟ್ಟಿದ ಮರಿಗಳಿಗೆ ತಲೆಯ ಮೇಲಿನ ಎರಡು ಪಟ್ಟೆಗಳು ಇರುವುದಿಲ್ಲ. ಆದಕಾರಣ ಗುಂಪಿನಲ್ಲಿ ಪಟ್ಟೆಯುಳ್ಳವೆಷ್ಟು, ಪಟ್ಟೆಯಿಲ್ಲದವೆಷ್ಟು ಎಂದು ಮಕ್ಕಳಿಂದ ಎಣಿಸಿದರೆ, ದೂರದ ದೇಶದಲ್ಲಿ ಆ ವರ್ಷ ಸಂತಾನ ಚೆನ್ನಾಗಿ ಆಯಿತೇ ಇಲ್ಲವೇ ಎಂಬುದನ್ನು ನಮ್ಮ ಕೆರೆಯ ಏರಿಯ ಮೇಲೆ ನಿಂತೇ ಊಹಿಸಬಹುದು.

ನಷ್ಟ ಲಾಭಗಳ ವಿಚಾರ.—ಹಕ್ಕಿಗಳಿಂದ ರೈತನಿಗೆ ನಷ್ಟವಿಲ್ಲವೆಂದು ಹೇಳಿದರೆ ಅದು ಸತ್ಯವಾಗಲಾರದು. ಹೆಬ್ಬಾತು ಸಸ್ಯಾಹಾರಿ; ಕೊಯಿಲಾದ ಹೊಲದಲ್ಲಿ ಉದುರಿದ ಕಾಳನ್ನೂ ಹುಲ್ಲನ್ನೂ ತಿನ್ನುವಂತೆಯೇ ಎಳೆಯ ಗೋಧಿ, ಕಡಲೆ, ಬತ್ತದ ಪೈರುಗಳನ್ನೂ ಮೇಯುವುದುಂಟು. ಮಧ್ಯ ಏಷ್ಯಾದಿಂದ ಬರುವ ಗುಲಾಬಿ ಬಣ್ಣದ ಕಬ್ಬಕ್ಕಿಗಳ ಹಿಂಡು ತೆನೆಗಟ್ಟಿದ ಬಿಳಿಜೋಳದ ಮೇಲೆ ಇಳಿದರೆ, ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವವನಿಗೆ ಬಿಡುವಿಲ್ಲ. ಗಿಳಿ, ಗುಬ್ಬಿಗಳ ಕಾಟವೂ ಎಲ್ಲರಿಗೂ ತಿಳಿದುದೇ. ಈ ನಷ್ಟವು ಕೆರೆಯ ಸಮೀಪದಲ್ಲಿ ಹೊಲವಿರುವ ಕೆಲವರ ಮೇಲೆಯೇ ಬೀಳುವುದು. ಕೀರ್ತಿಯಾದರೋ ಊರಿಗೆಲ್ಲಾ ಸಲ್ಲುವುದು. ಇಂಥವರ ದೂರನ್ನು ಊರ ಹಿರಿಯರು ಅಲಕ್ಷ್ಯ ಮಾಡಬಾರದು. ನಷ್ಟ ಅನುಭವಿಸಿದವನ ಮಾತನ್ನು ಯಾರೂ ಕೇಳದಿದ್ದಾಗಲೇ ಅವನ ಮನಸ್ಸು ವಿಷದ ಕಾಳಿನ ಕಡೆಗೆ ತಿರುಗುವುದು. ವಿಷದ ಕಾಳು ಹೆಬ್ಬಾತನ್ನು ಮಾತ್ರ ಕೊಲ್ಲುವುದಿಲ್ಲ. ನವಿಲನ್ನೂ, ಊರ ಕೋಳಿಯನ್ನೂ, ಸತ್ತ ಹಕ್ಕಿಯನ್ನು ತಿಂದ ನಾಯಿಯನ್ನೂ ಕೊಲ್ಲುವುದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಇದು ಶಿಕ್ಷಾರ್ಹವಾದ ಅಪರಾಧವೂ ಹೌದು. ಎಳೆಯ ಪೈರಿನ ಹೊಲಗಳಲ್ಲಿ ಸಂಜೆಯ ಕಾವಲು, ಹೊಳೆಯುವ ಪಟ್ಟಿಗಳನ್ನು ಕಟ್ಟುವುದು, ಊರವರು ಸರದಿಯ ಮೇಲೆ ಕಾಯುವುದು ಮುಂತಾದ ಉಪಾಯಗಳಿಂದ ಹಕ್ಕಿಗಳನ್ನು ಕೊಲ್ಲದೆಯೇ ಕೊಯಿಲಾದ ಹೊಲಗಳ ಕಡೆಗೆ ಅಟ್ಟಬಹುದು.

ಲಾಭದ ಪಕ್ಷವನ್ನೂ ನೋಡಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ ಮುಂತಾದ ಮರಗಳ ಮೇಲೆಯೇ ಗೂಡುಕಟ್ಟುವುವು. ಅಲ್ಲಿಯ ರೈತರು ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಮಣ್ಣಿನೊಡನೆ ಸೇರಿಸಿ ಗೊಬ್ಬರವಾಗಿ ಹೊಲಗಳಿಗೆ ಹಾಕುವ ಪದ್ಧತಿಯನ್ನು ಬಹುಕಾಲದಿಂದ ಇಟ್ಟುಕೊಂಡಿದ್ದಾರೆ. ಜರ್ಡನ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞನು 1864ರಷ್ಟು ಹಿಂದೆಯೇ ಆ ಪ್ರಾಂತದ ಹೆಜ್ಜಾರ್ಲೆಗಳ ವಿಷಯವನ್ನು ಬರೆದಿದ್ದಾನೆ. 2007ರಲ್ಲಿ ಆ ಗ್ರಾಮವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ಹೆಂಗಸರೂ ಮಕ್ಕಳೂ ನಿತ್ಯವೂ ಕಾಣುತ್ತಿದ್ದ ಹಕ್ಕಿಗಳಾದುದರಿಂದಲೇ ಅವು ಉಳಿದುವಲ್ಲದೆ, ಕೇವಲ ಕಾನೂನಿನ ಬಲದಿಂದ ಉಳಿದುವೆನ್ನಲಾಗದು.

ಹೊಲದಲ್ಲಿ ನೋಡತಕ್ಕ ವಿಷಯಗಳು.—ಕೆರೆ ಹತ್ತಿರವಿಲ್ಲದವರು ಹೊಲವನ್ನೇ ನೋಡಬಹುದು. ಬೆಳಗಿನ ಇಬ್ಬನಿ ಆರುವುದಕ್ಕೆ ಮುಂಚೆ ಕಡಲೆಯ ಹೊಲಕ್ಕೆ ಹೋಗಿ ಒಂದು ಎಲೆಯನ್ನು ನಾಲಿಗೆಗೆ ಮುಟ್ಟಿಸಿದರೆ ಹುಳಿಯಾಗಿರುವುದು. ಗಿಡದ ರೋಮಗಳಿಂದ ಒಸರುವ ಆಮ್ಲವೇ ಇದಕ್ಕೆ ಕಾರಣ. ಹಿಂದೆ ನಸುಕಿನಲ್ಲಿ ಕಡಲೆಯ ಗಿಡಗಳ ಮೇಲೆ ಶುಭ್ರವಾದ ಬಟ್ಟೆಯನ್ನು ಹಾಸಿ, ಇಬ್ಬನಿಯೊಡನೆ ಆ ಹುಳಿಯನ್ನು ಹೀರಿಸಿ, ಹಿಂಡಿ ಔಷಧಕ್ಕೆ ಇಟ್ಟುಕೊಳ್ಳುತ್ತಿದ್ದರು. ಮಕ್ಕಳಿಗೆ ಇದನ್ನು ಮಾಡಿ ತೋರಿಸಿದರೆ ಎಂದೂ ಮರೆಯಲಾರರು. ಆದರೆ ಔಷಧಿ ಸಿಂಪಡಿಸಿದ ಹೊಲದಲ್ಲಿ ಯಾವ ಎಲೆಯನ್ನೂ ಬಾಯಿಗೆ ಹಾಕಗೊಡಬಾರದು.

ಅದೇ ಸಾಲಿನಲ್ಲಿ ಕಾಯಿಕೊರಕ ಹುಳುವನ್ನು ಹುಡುಕಬೇಕು. ಒಂದು ಮೀಟರು ಉದ್ದದ ಸಾಲಿನಲ್ಲಿ ಒಂದು ಹುಳು ಸಿಕ್ಕಿದರೂ ಅದು ಹತೋಟಿಯ ಕ್ರಮ ಕೈಗೊಳ್ಳಬೇಕಾದ ಮಟ್ಟವೆಂದು ತಿಳಿಯಬೇಕು. ಹತ್ತು ಕಡೆಗಳಲ್ಲಿ ಒಂದೊಂದು ಮೀಟರನ್ನು ಅಳೆದು ಎಣಿಸುವ ಕೆಲಸಕ್ಕೆ ಮಕ್ಕಳ ಕಣ್ಣು ದೊಡ್ಡವರ ಕಣ್ಣಿಗಿಂತ ಚುರುಕು. ಬಳಿಕ ಹೊಲದಲ್ಲಿ ಅಲ್ಲಲ್ಲಿ ಕವಲುಕೋಲುಗಳನ್ನು, ಎಕರೆಗೆ ಹದಿನೈದು ಇಪ್ಪತ್ತರಂತೆ ನೆಟ್ಟು, ದೂರದಲ್ಲಿ ಕುಳಿತು ನೋಡಬೇಕು. ಕಾಜಾಣ, ಗೊರವಂಕ, ನೀಲಕಂಠ ಮುಂತಾದ ಹಕ್ಕಿಗಳು ಆ ಕೋಲುಗಳ ಮೇಲೆ ಕುಳಿತು, ಗಿಡಗಳಿಗೆರಗಿ ಹುಳುಗಳನ್ನು ಹೆಕ್ಕುವುವು. ಚರಗದ ಅನ್ನಕ್ಕೆ ಬಂದ ಹಕ್ಕಿಯು ಹುಳುವನ್ನೂ ತಿಂದುಹೋಗುವುದೆಂದು ಹಿರಿಯರು ಹೇಳುವ ಮಾತಿನಲ್ಲಿರುವ ಯುಕ್ತಿಯು ಆಗ ತಾನಾಗಿ ವಿಶದವಾಗುವುದು. ಕಡಲೆಯ ಕಾಯಿ ಬಲಿಯುವ ವೇಳೆಗೆ ಕೋಲುಗಳನ್ನು ತೆಗೆದುಬಿಡಬೇಕು.

ಬದುವಿನ ಮೇಲಣ ಹಳೆಯ ಮರದ ಪೊಟರೆಯನ್ನೂ ಪಾಳುಬಿದ್ದ ಕಟ್ಟಡವನ್ನೂ ಹೊರಗಿನಿಂದ ಪರೀಕ್ಷಿಸಬೇಕು. ಕೆಳಗೆ ಕೂದಲು ಮೂಳೆಗಳಿಂದ ಕೂಡಿದ ಕಪ್ಪು ಉಂಡೆಗಳು ಬಿದ್ದಿದ್ದರೆ ಅಲ್ಲಿ ಕಣಜದ ಗೂಬೆಯ ವಾಸವಿದೆಯೆಂದು ತಿಳಿಯಬೇಕು. ಗೂಬೆಯು ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಭಾಗವನ್ನು ಈ ರೀತಿ ಉಗುಳುವುದು. ಒಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ಅದರೊಳಗಿನ ಇಲಿಯ ತಲೆಬುರುಡೆಗಳನ್ನು ಮಕ್ಕಳಿಗೆ ತೋರಿಸಿದರೆ, ಗೂಬೆ ಅಪಶಕುನವೆಂಬ ಭ್ರಾಂತಿ ಬಿಟ್ಟು ಅದು ಹೊಲದ ಕಾವಲುಗಾರನೆಂಬ ತಿಳಿವಳಿಕೆ ಉಂಟಾಗುವುದು. ಆ ಬಳಿಕ ಆ ಮರಕ್ಕೆ ಕೊಡಲಿ ಹಾಕಲು ಯಾರೂ ಮುಂದಾಗರು.

ಎಣಿಸಿ ಬರೆದಿಡುವ ಪದ್ಧತಿ.—ನೋಡಿದುದನ್ನು ಎಣಿಸಿ ಬರೆದಿಡುವುದರಿಂದ ನೋಟವು ಜ್ಞಾನವಾಗುವುದು. ಅಮೇರಿಕಾ ದೇಶದಲ್ಲಿ ಹಿಂದೆ ಕ್ರಿಸ್ಮಸ್ಸಿನ ದಿನ ಎರಡು ಪಕ್ಷಗಳಾಗಿ ಬೇಟೆಗೆ ಹೊರಟು, ಯಾರು ಹೆಚ್ಚು ಪ್ರಾಣಿಪಕ್ಷಿಗಳನ್ನು ಕೊಂದರೋ ಅವರೇ ಗೆದ್ದರೆಂಬ ಪಂದ್ಯ ನಡೆಯುತ್ತಿತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞನು ಕೊಲ್ಲುವುದಕ್ಕೆ ಬದಲಾಗಿ ಎಣಿಸಿರೆಂದು ಸೂಚಿಸಿದನು. ಆ ವರ್ಷ 25 ಸ್ಥಳಗಳಲ್ಲಿ 27 ಮಂದಿ ಮಾತ್ರ ಎಣಿಸಿದರು. ಅದು ಇಂದಿಗೂ ಪ್ರತಿ ಚಳಿಗಾಲದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು. ಇಂಗ್ಲೆಂಡಿನಲ್ಲಿ 1979ರಲ್ಲಿ ಮಕ್ಕಳಿಗಾಗಿ ಆರಂಭವಾದ ತೋಟದ ಹಕ್ಕಿಗಳ ಎಣಿಕೆಯು ಜನವರಿಯ ಕೊನೆಯ ವಾರದಲ್ಲಿ ಒಂದು ಗಂಟೆಯ ಕಾಲ ಮನೆಮಂದಿಯೆಲ್ಲಾ ಕುಳಿತು ಮಾಡುವ ಕೆಲಸವಾಗಿ ಬೆಳೆದಿದೆ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಸಾಲಿಂ ಆಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಪರಿಶೀಲನೆಯನ್ನು ನಡೆಸಿದರು. ಅವರ ಸಲಹೆಯ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಏಷ್ಯಾದ ನೀರುಹಕ್ಕಿಗಳ ಗಣತಿಯು 1987ರಿಂದ ಪ್ರತಿವರ್ಷ ಜನವರಿಯಲ್ಲಿ ಭಾರತದ ಕೆರೆಗಳಲ್ಲಿಯೂ ನಡೆಯುತ್ತಿದೆ. 1998ರಲ್ಲಿ ಅಮೇರಿಕಾದಲ್ಲಿ ಆರಂಭವಾದ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ 2013ರಿಂದ ಭಾರತೀಯರೂ ಸೇರಿದ್ದಾರೆ. ಫೆಬ್ರವರಿಯ ನಾಲ್ಕು ದಿನಗಳಲ್ಲಿ, ಯಾವುದೇ ಒಂದು ಸ್ಥಳದಲ್ಲಿ ಕನಿಷ್ಠ ಹದಿನೈದು ನಿಮಿಷ ಎಣಿಸಿ ಕಳುಹಿಸಿದರೆ ಸಾಕು. ಹಳ್ಳಿಯ ಪಾಠಶಾಲೆಯ ಮಕ್ಕಳು ಇದರಲ್ಲಿ ಭಾಗವಹಿಸಲು ಯಾವ ಅಡ್ಡಿಯೂ ಇಲ್ಲ. ಹಕ್ಕಿಗಳ ಕನ್ನಡ ಹೆಸರುಗಳನ್ನು ತಿಳಿಯಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಮುಂತಾದ ಪುಸ್ತಕಗಳು ಸಹಾಯಕವಾಗುವುವು. ಊರಿನ ಹಿರಿಯರು ಬಳಸುವ ಹೆಸರುಗಳನ್ನೂ ಅವುಗಳ ಪಕ್ಕದಲ್ಲಿ ಬರೆದಿಡಬೇಕು. ಅಜ್ಜಿ ಹೇಳಿದ ಹೆಸರು ಮೊಮ್ಮಗನ ಪುಸ್ತಕದಲ್ಲಿ ಉಳಿಯದಿದ್ದರೆ ಮುಂದೆ ಎಲ್ಲಿಯೂ ಉಳಿಯಲಾರದು.

ನಡೆಸತಕ್ಕ ಕ್ರಮ.—ಕುಟುಂಬಗಳನ್ನು ಕರೆದೊಯ್ಯುವಾಗ ಈ ಕೆಳಗಣ ಸಂಗತಿಗಳನ್ನು ಗಮನಿಸುವುದು ಒಳ್ಳೆಯದು.

1. ಒಂದು ತಂಡದಲ್ಲಿ ನಾಲ್ಕೈದು ಕುಟುಂಬಗಳಿಗಿಂತ ಹೆಚ್ಚಾಗಿರಬಾರದು. ಜನ ಹೆಚ್ಚಾದಷ್ಟೂ ಕಾಣುವುದು ಕಡಿಮೆಯಾಗುವುದು.

2. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗಿನ ಕಾಲವು ಉತ್ತಮ. ಚಿಕ್ಕ ಮಕ್ಕಳಿಗೆ ಒಂದು ಗಂಟೆಯ ನಡಿಗೆ ಸಾಕು. ಕಂಬಳಿ, ಕುಲಾವಿ, ಕುಡಿಯುವ ನೀರು, ಸ್ವಲ್ಪ ಬುತ್ತಿ ಜತೆಯಲ್ಲಿರಬೇಕು.

3. ಕೆಂಪು, ಬಿಳಿ ಮುಂತಾದ ಎದ್ದುಕಾಣುವ ಬಟ್ಟೆಗಳಿಗಿಂತ ಮಣ್ಣಿನ ಬಣ್ಣದ ಬಟ್ಟೆಗಳು ಮೇಲು. ಧ್ವನಿವರ್ಧಕ, ಪಟಾಕಿ, ನಾಯಿಗಳನ್ನು ಕೆರೆಯ ಬಳಿಗೆ ಒಯ್ಯಬಾರದು. ಚಿತ್ರ ತೆಗೆಯುವ ಆಸೆಯಿಂದ ಕಲ್ಲೆಸೆದು ಹಕ್ಕಿಗಳನ್ನು ಎಬ್ಬಿಸುವುದು ಮಹಾಪರಾಧ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯು ಹಿಂತಿರುಗುವ ಪ್ರಯಾಣಕ್ಕಾಗಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಹೀಗೆ ವ್ಯರ್ಥವಾಗಿ ಕಳೆದುಕೊಳ್ಳುವುದು.

4. ಕೆರೆಯ ತೂಬು, ಕೋಡಿ, ಹೂಳು ತುಂಬಿದ ದಂಡೆ, ಕಟ್ಟೆಯಿಲ್ಲದ ಬಾವಿ, ಕೃಷಿಹೊಂಡ ಇವುಗಳ ಬಳಿ ಮಕ್ಕಳ ಕೈ ಬಿಡಬಾರದು. ಬಿಲ, ಪೊಟರೆ, ಕಲ್ಲುಗುಪ್ಪೆಗಳೊಳಗೆ ಕೈಯಿಕ್ಕಬಾರದು. ಹಾವು ಕಚ್ಚಿದರೆ ಮಂತ್ರ ನಾಟಿಮದ್ದುಗಳಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

5. ಮಲೆನಾಡಿನವರು ವಿಶೇಷ ಎಚ್ಚರಿಕೆ ವಹಿಸತಕ್ಕದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯು ಉಣ್ಣೆಗಳ ಮೂಲಕ ಹರಡುವುದು. ಚಳಿಗಾಲದ ನಡುವಿನಿಂದ ಬೇಸಿಗೆಯವರೆಗೆ ಅದರ ಹಾವಳಿ ಹೆಚ್ಚು. ಮಂಗಗಳು ಸತ್ತ ಸುದ್ದಿಯಿರುವ ಕಾಡಿನ ಕಡೆಗೆ ಕುಟುಂಬಗಳನ್ನು ಕರೆದೊಯ್ಯಲೇಬಾರದು. ಗದ್ದೆಯ ಬಯಲನ್ನೂ ತೋಟವನ್ನೂ ನೋಡಿದರೆ ಸಾಕು. ಮೈತುಂಬ ಬಟ್ಟೆ ತೊಟ್ಟು ಹೋಗಿ, ಮರಳಿದ ಕೂಡಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು.

6. ತಂಡದಲ್ಲಿ ಹೆಂಗಸರೂ ವೃದ್ಧರೂ ಅವಶ್ಯವಾಗಿ ಇರಬೇಕು. ಕಳೆ ಕೀಳುವ ಹೆಂಗಸರು ಗಿಡಗಳ ಹೆಸರನ್ನೂ, ಕುರಿ ಕಾಯುವ ಮುದುಕರು ಹಕ್ಕಿಗಳ ಕೂಗನ್ನೂ ಬಲ್ಲಷ್ಟು ಓದಿದವರು ಬಲ್ಲವರಲ್ಲ.

7. ಮನೆಗೊಂದು ಪುಸ್ತಕವನ್ನಿಟ್ಟು, ದಿನಾಂಕ, ಸ್ಥಳ, ಕೆರೆಯ ನೀರಿನ ಮಟ್ಟ, ಕಂಡ ಹಕ್ಕಿಗಳ ಸಂಖ್ಯೆ, ಬೆಳೆಯ ಸ್ಥಿತಿ, ಹುಳುವಿನ ಎಣಿಕೆ ಇವುಗಳನ್ನು ಮಕ್ಕಳ ಕೈಯಿಂದಲೇ ಬರೆಯಿಸಬೇಕು. ಹತ್ತು ವರ್ಷಗಳ ಇಂತಹ ಪುಸ್ತಕವು ಯಾವ ಕಚೇರಿಯ ದಫ್ತರಕ್ಕಿಂತಲೂ ಆ ಹೊಲಕ್ಕೆ ಉಪಯುಕ್ತವಾದುದು.

ಮುಖಂಡರ ಕರ್ತವ್ಯ.—ಇವೆಲ್ಲವೂ ಕೆರೆಯಲ್ಲಿ ನೀರಿದ್ದರೆ ಮಾತ್ರ. ನೀರಿಲ್ಲದ ವರ್ಷ ಹೆಬ್ಬಾತು ಬೇರೆ ಕೆರೆಯನ್ನು ಹುಡುಕಿಕೊಂಡು ಹೋಗುವುದು. ರೈತನಿಗಾದರೋ ಹಾರಿಹೋಗಲು ರೆಕ್ಕೆಗಳಿಲ್ಲ. ಆದುದರಿಂದ ಹಕ್ಕಿಯು ಬಾರದಿದ್ದುದನ್ನು ಕೆರೆಯು ಊರಿಗೆ ಕೊಟ್ಟ ಎಚ್ಚರಿಕೆಯೆಂದೇ ತಿಳಿಯಬೇಕು. ಮಳೆಯಾಗಿಯೂ ಕೆರೆ ತುಂಬದಿದ್ದರೆ ನೀರು ತರುವ ಹಳ್ಳ ಕಾಲುವೆಗಳಲ್ಲಿ ಎಲ್ಲಿಯೋ ಒತ್ತುವರಿಯಾಗಿದೆ, ಇಲ್ಲವೆ ಹೂಳು ನಿಂತಿದೆ. ಚಳಿಗಾಲದ ನಡಿಗೆಯಲ್ಲಿ ಒಂದು ದಿನವನ್ನು ಈ ಕಾಲುವೆಗಳ ಉದ್ದಕ್ಕೂ ನಡೆಯುವುದಕ್ಕೆ ಮೀಸಲಿಡಬೇಕು. ಐವತ್ತು ಜನರು ಮಕ್ಕಳೊಡನೆ ಕಣ್ಣಾರೆ ನೋಡಿ ಬಂದ ಒತ್ತುವರಿಯನ್ನು ಪಂಚಾಯಿತಿಯ ಸಭೆಯಲ್ಲಿ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ.

ಬೇಸಿಗೆಯಲ್ಲಿ ಹೂಳನ್ನು ತೆಗೆಸುವಾಗಲೂ ವಿವೇಚನೆ ಬೇಕು. ಕೆರೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೇ ಸರಿ. ಆದರೆ ಕೆರೆಯ ಅಂಚನ್ನೆಲ್ಲಾ ಒಂದೇ ಸಮನಾಗಿ ಕಡಿದು ಬಾವಿಯಂತೆ ಆಳ ಮಾಡಿದರೆ, ಮೊಣಕಾಲುದ್ದ ನೀರಿನಲ್ಲಿ ಮೇಯುವ ಹಕ್ಕಿಗಳಿಗೆ ನಿಲ್ಲಲು ಸ್ಥಳವಿರದು. ದನಗಳು ನೀರಿಗಿಳಿಯುವುದೂ ಅಪಾಯ. ಅಂಗಳದ ಮೇಲ್ಭಾಗದಲ್ಲಿ ಇಳಿಜಾರಾದ ತೆಳುನೀರಿನ ದಂಡೆಯನ್ನು ಹಾಗೆಯೇ ಬಿಟ್ಟು, ಏರಿಗೆ ಅಪಾಯವಾಗದಷ್ಟು ದೂರದಲ್ಲಿ ನಡುಭಾಗದ ಹೂಳನ್ನು ಮಾತ್ರ ತೆಗೆಯುವುದು ಎಲ್ಲರಿಗೂ ಕ್ಷೇಮ.

ಜಲಭೂಮಿಗಳ ದಿನವೆಂದು ಆಚರಿಸುವ ಫೆಬ್ರವರಿ 2 ಚಳಿಗಾಲದಲ್ಲಿಯೇ ಬರುವುದು. ಎಳ್ಳಮಾವಾಸ್ಯೆಗೆ ಹೊಲ, ಸಂಕ್ರಾಂತಿಗೆ ಕಣ, ಫೆಬ್ರವರಿ 2ಕ್ಕೆ ಕೆರೆ ಎಂದು ಮೂರು ದಿವಸಗಳನ್ನು ಪ್ರತಿಯೊಂದು ಗ್ರಾಮವೂ ಗೊತ್ತುಮಾಡಿಕೊಂಡರೆ ಸಾಕು. ಇದಕ್ಕೆ ಸರ್ಕಾರದ ಹಣವೂ ಬೇಡ, ಹೊರಗಿನವರ ಉಪದೇಶವೂ ಬೇಡ. ಮೊದಲ ಹೆಜ್ಜೆಯನ್ನು ಊರ ಮುಖಂಡನೇ ತನ್ನ ಮನೆಯ ಮಕ್ಕಳ ಕೈಹಿಡಿದು ಇಡಬೇಕು. ಮುಂದಿನ ವರ್ಷ ಅದೇ ಏರಿಯ ಮೇಲೆ ನಿಂತು ‘ಕಳೆದ ಸಲಕ್ಕಿಂತ ಈ ಸಲ ಹಕ್ಕಿ ಕಡಿಮೆಯೇಕೆ?’ ಎಂದು ಮಗುವು ಕೇಳಿದ ದಿನ, ಆ ಕೆರೆಗೆ ಇನ್ನೊಂದು ತಲೆಮಾರಿನ ಕಾವಲು ದೊರೆಯಿತೆಂದು ನಂಬಬಹುದು.